ಗೋಲಿಬಾರ್‌ನ ನಂತರದ ದಿನಗಳು: ನವಲಗುಂದ–ನರಗುಂದದಲ್ಲಿ ನೆನಪುಗಳನ್ನು ದಾಖಲಿಸಿದ ನನ್ನ ಅನುಭವ

ಗೋಲಿಬಾರ್ ನಡೆದ ಊರಿಗೆ ಹೋಗಿ ಆ ದಿನ ಏನಾಯಿತೆಂದು ನೇರವಾಗಿ ಕೇಳಿದರೆ ಸಿಗುವುದು ಬಹುಮಟ್ಟಿಗೆ ಭಾಷಣ. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದದಲ್ಲಿ ಪೊಲೀಸರು ರೈತರ ಮೇಲೆ ಗುಂಡು ಹಾರಿಸಿದ್ದನ್ನು ಕಂಡವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಲು ಹೊರಟಾಗ ನನಗೆ ಎದುರಾದ ಮೊದಲ ತೊಡಕು ಇದೇ. ಅಲ್ಲಿ ಪ್ರತಿವರ್ಷ ಜುಲೈ 21 ರೈತ ಹುತಾತ್ಮ ದಿನ. ವೀರಗಲ್ಲಿಗೆ ಮಾಲೆ ಹಾಕಲು ಎಲ್ಲ ಪಕ್ಷಗಳವರೂ ರೈತ ಸಂಘಟನೆಗಳ ಎಲ್ಲ ಬಣಗಳವರೂ ಬರುತ್ತಾರೆ, ಮಾತನಾಡುತ್ತಾರೆ. ನಾಲ್ಕು ದಶಕಗಳಿಂದ ಆ ಮಾತುಗಳನ್ನು ಕೇಳುತ್ತ ಬಂದ ಹಿರಿಯರು ತಾವು ಕಣ್ಣಾರೆ ಕಂಡದ್ದನ್ನೂ ಅದೇ ಧಾಟಿಯಲ್ಲಿ ಹೇಳುವುದನ್ನು ರೂಢಿಸಿಕೊಂಡಿದ್ದಾರೆ. ಇತಿಹಾಸ ಪಾಠ ಹೇಳುವ ಮಾಸ್ತರನಾದ ನನಗೆ ಬೇಕಾಗಿದ್ದುದು ಆ ಧಾಟಿ ಇನ್ನೂ ಹುಟ್ಟದಿದ್ದ ಕಾಲ, ಅಂದರೆ ಗುಂಡು ಹಾರಿದ ಸಂಜೆಯಿಂದ ಹಿಡಿದು ಆ ವರ್ಷದ ಸುಗ್ಗಿಯವರೆಗಿನ ತಿಂಗಳುಗಳು. ಜನರ ಪ್ರತಿಕ್ರಿಯೆ ಎಂದು ನಾವು ಸುಲಭವಾಗಿ ಕರೆಯುವುದರಲ್ಲಿ ಮೊದಲ ದಿನದ ಸಿಟ್ಟು ಮತ್ತು ವರ್ಷಗಳ ನಂತರದ ಹೆಮ್ಮೆ ಎರಡೂ ದಾಖಲಾಗಿವೆ. ನಡುವಿನ ಭಯ ಎಲ್ಲಿಯೂ ದಾಖಲಾಗಿಲ್ಲ.

ಹಿನ್ನೆಲೆ ಬಹಳ ಜನರಿಗೆ ಗೊತ್ತಿರುವುದೇ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭಾ ಕಾಲುವೆಗಳು ಈ ಎರೆ ಸೀಮೆಗೆ ಬಂದವು. ನೀರು ಎಲ್ಲ ಹೊಲಗಳಿಗೆ ಮುಟ್ಟಲಿಲ್ಲ. ಮುಟ್ಟಿದ ಎಷ್ಟೋ ಕಡೆ ಭೂಮಿ ಉಪ್ಪೇರಿ, ನೀರು ನಿಂತು ಸವಳು ಜವಳಾಯಿತು. ನೀರನ್ನು ನಂಬಿ ಹಾಕಿದ ವರಲಕ್ಷ್ಮಿ ಹತ್ತಿಯ ದರ ಬಿದ್ದುಹೋಯಿತು. ಇಷ್ಟರ ನಡುವೆ ಸರ್ಕಾರವು ನೀರಿನ ಕರದ ಜೊತೆಗೆ, ನೀರಾವರಿಯಿಂದ ಜಮೀನಿನ ಬೆಲೆ ಏರಿದೆ ಎಂಬ ಲೆಕ್ಕದ ಮೇಲೆ, ಎಕರೆಗೆ 500ರಿಂದ 1,500 ರೂಪಾಯಿವರೆಗೆ ಬೆಟರ್‌ಮೆಂಟ್ ಲೆವಿ ಕೇಳಿತು. ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ಧರಣಿ ಕೂತರು, ಜುಲೈ 21ಕ್ಕೆ ನವಲಗುಂದ, ನರಗುಂದ, ಸವದತ್ತಿಗಳಲ್ಲಿ ಬಂದ್ ಕರೆದರು. ಆ ದಿನ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಗುಂಡೇಟಿಗೆ ಬಲಿಯಾದರು. ನರಗುಂದದಲ್ಲಿ ಕೆರಳಿದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು, ಅವರಲ್ಲಿ ಒಬ್ಬರು ಸಬ್ ಇನ್‌ಸ್ಪೆಕ್ಟರ್. ಪ್ರತಿಭಟನೆ ನೋಡನೋಡುತ್ತಿದ್ದಂತೆ ರಾಜ್ಯದ ಉಳಿದ ಜಿಲ್ಲೆಗಳಿಗೂ ಹರಡಿತು.

ಭಾಷಣವನ್ನು ತಪ್ಪಿಸಿಕೊಳ್ಳಲು ನಾನು ಮಾತನ್ನು ಹೊಲದಿಂದ ಆರಂಭಿಸುವ ಕ್ರಮ ಇಟ್ಟುಕೊಂಡೆ. ನಿಮ್ಮ ಹೊಲ ಯಾವ ಕಾಲುವೆಯ ಮೇಲಿತ್ತು, ಮೇಲ್ಗಡೆಯೋ ಕಟ್ಟಕಡೆಗೋ, ಆ ವರ್ಷ ಏನು ಬಿತ್ತಿದ್ದಿರಿ, ಸಾಲ ಸೊಸೈಟಿಯದಿತ್ತೋ ದಲಾಲಿ ಅಂಗಡಿಯದೋ ಎಂದು ಕೇಳುತ್ತೇನೆ. ಹೊಲದ ವಿಷಯದಲ್ಲಿ ರೈತನ ನೆನಪು ತಪ್ಪುವುದು ಅಪರೂಪ. ಆ ನೆನಪಿನ ದಾರಿಯಲ್ಲಿ ಜುಲೈ ತಿಂಗಳಿಗೆ ಬಂದವರು ಭಾಷಣಕ್ಕೆ ಹೊರಳುವುದು ಕಡಿಮೆ. ಸಿಟ್ಟೂ ಎಲ್ಲರದು ಒಂದೇ ಆಗಿರಲಿಲ್ಲ ಎಂಬುದು ಇದರಿಂದಲೇ ನನಗೆ ತಿಳಿಯಿತು. ಕಾಲುವೆಯ ಮೇಲ್ಗಡೆಯವರು ಹತ್ತಿಯ ದರಕ್ಕಾಗಿ ಬಂದಿದ್ದರು, ಕಟ್ಟಕಡೆಯವರು ಲೆವಿಯ ನೋಟೀಸಿಗಾಗಿ. ಒಬ್ಬ ಹಿರಿಯರು ಟ್ರಂಕಿನ ತಳದಿಂದ ಅಂಥದೊಂದು ನೋಟೀಸನ್ನು ತೆಗೆದು ತೋರಿಸಿದರು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಆ ಕಾಗದದ ಮಡಿಕೆಗಳಲ್ಲಿ ಅಕ್ಷರ ಉದುರಿಹೋಗಿತ್ತು, ಸರ್ವೆ ನಂಬರು ಮತ್ತು ಮೊತ್ತ ಮಾತ್ರ ಓದಲು ಬರುತ್ತಿದ್ದವು. ನಂಬರಿನ ಮೇಲೆ ಬೆರಳಿಟ್ಟು ಅವರು ಹೇಳಿದರು: “ಈ ನಂಬರಿಗಿ ಒಂದ್ ತಂಬಿಗಿ ನೀರು ಬಂದಿಲ್ರೀ ಸರ್. ಬಂದಿದ್ದು ಇದೊಂದ ಕಾಗದ.” ಬಂದ್ ದಿನ ಆ ಗುಂಪಿನಲ್ಲಿ ಯಾಕೆ ಇದ್ದಿರಿ ಎಂದು ಅವರನ್ನು ನಾನು ಮತ್ತೆ ಕೇಳಬೇಕಾಗಲಿಲ್ಲ.

ಎರಡನೆಯ ಹೆಜ್ಜೆ ಜಾಗ. ನಮ್ಮ ಕಡೆಯ ಹಿರಿಯರು ತಹಶೀಲ್ದಾರ್ ಕಚೇರಿಯನ್ನು ಇಂದಿಗೂ ಮಾಮಲೇದಾರ ಕಚೇರಿ ಎನ್ನುತ್ತಾರೆ, ಸಬ್ ಇನ್‌ಸ್ಪೆಕ್ಟರನ್ನು ಫೌಜದಾರ ಎನ್ನುತ್ತಾರೆ. ನಾನೂ ಅವೇ ಮಾತುಗಳಲ್ಲಿ ಕೇಳುತ್ತೇನೆ. ಕೈಗೆ ಸಿಕ್ಕ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಕಚೇರಿ, ರಸ್ತೆ, ಚಾದಂಗಡಿ, ಗಿಡ ಎಲ್ಲವನ್ನೂ ಗೆರೆ ಎಳೆದು ತೋರಿಸಲು ಹೇಳಿ, ನೀವು ಎಲ್ಲಿ ನಿಂತಿದ್ದಿರಿ, ಮಗ್ಗುಲಲ್ಲಿ ಯಾರಿದ್ದರು, ಅಲ್ಲಿಂದ ಏನೇನು ಕಾಣುತ್ತಿತ್ತು ಎಂದು ವಿಚಾರಿಸುತ್ತೇನೆ. ಆಮೇಲೆ ಬರಹಕ್ಕೆ ಇಳಿಸುವಾಗ ಕಂಡದ್ದಕ್ಕೆ ಒಂದು ಗುರುತು, ಕೇಳಿದ್ದಕ್ಕೆ ಇನ್ನೊಂದು ಗುರುತು ಹಾಕುತ್ತೇನೆ. ನರಗುಂದದಲ್ಲಿ ಎಲ್ಲರೂ ಹೇಳುವ ಸಂಗತಿಯೊಂದಿದೆ: ಕಚೇರಿಯ ಬಾಗಿಲಿಗೆ ಅಡ್ಡಲಾಗಿ ಮಲಗಿದ್ದ ರೈತರನ್ನು ತುಳಿದುಕೊಂಡು ಅಧಿಕಾರಿ ಒಳಗೆ ಹೋದದ್ದು. ತಾವೇ ಕಂಡೆವೆನ್ನುವವರು ಹಲವರಿದ್ದಾರೆ, ಆದರೆ ಅವರೇ ಬರೆದ ನಕ್ಷೆಯ ಪ್ರಕಾರ ಕೆಲವರು ನಿಂತ ಜಾಗದಿಂದ ಬಾಗಿಲು ಕಾಣುವಂತಿಲ್ಲ. ಅಂಥ ಮಾತನ್ನು ನಾನು ಸುಳ್ಳೆಂದು ತೆಗೆದುಹಾಕುವುದಿಲ್ಲ. ಆ ಸುದ್ದಿ ನಿಮಗೆ ಮೊದಲು ಯಾರು ಹೇಳಿದರು, ಆಗ ಹೊತ್ತು ಎಷ್ಟಾಗಿತ್ತು, ಗುಂಡಿನ ಸುದ್ದಿ ಅದಕ್ಕಿಂತ ಮೊದಲು ಬಂತೋ ಆಮೇಲೋ ಎಂದು ಮುಂದುವರಿಯುತ್ತೇನೆ. ಸುತ್ತಲ ಹಳ್ಳಿಗಳ ಉತ್ತರಗಳನ್ನು ಜೋಡಿಸಿ ನೋಡಿದಾಗ, ಸಾವಿನ ಸುದ್ದಿಯಷ್ಟೇ ಬಲವಾಗಿ ತುಳಿತದ ಸುದ್ದಿಯೂ ಜನರನ್ನು ಊರಿನಿಂದ ಎಬ್ಬಿಸಿ ತಂದಿತ್ತೆಂದು ನನಗೆ ಅನ್ನಿಸಿದೆ. ಅಂದಹಾಗೆ, ಒಬ್ಬ ಅಜ್ಜ ಎಲ್ಲಿಂದ ಆರಂಭಿಸಲಿ ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ನರಗುಂದದ ಅರಸ ಬಾಬಾಸಾಹೇಬ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಂಡಾಯದಿಂದ ಆರಂಭಿಸಿದರು. ನರಗುಂದದವರಿಗೆ ಅದು ತಮ್ಮ ಮನೆಯ ಮಾತೇ ಆದ್ದರಿಂದ ನಾನು ತಡೆಯಲಿಲ್ಲ.

ಗುಂಡು ಹಾರಿಸುವ ಮೊದಲು ಪೊಲೀಸರು ಎಚ್ಚರಿಕೆ ಕೊಟ್ಟರೇ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಮಿನಂತೆ ಗುಂಪಿಗೆ ಮೊದಲು ಚದುರಿಹೋಗಲು ಆದೇಶಿಸಬೇಕು, ಬಲಪ್ರಯೋಗ ಅದರ ನಂತರದ ಮಾತು. ಆದರೆ ಎಚ್ಚರಿಕೆ ಕೊಟ್ಟಿದ್ದರೇ ಎಂದು ಕೇಳಿದರೆ ಎಲ್ಲರೂ ಇಲ್ಲವೆಂದೇ ಹೇಳುತ್ತಾರೆ. ಹಾಗಾಗಿ ಗುಂಡಿಗಿಂತ ಮೊದಲು ಕಿವಿಗೆ ಏನೇನು ಬಿತ್ತು ಎಂದು ಕೇಳುವುದು ವಾಸಿ. ಕಲ್ಲು ಬಿದ್ದ ಸದ್ದು, ಘೋಷಣೆ, ಸೀಟಿ, ಯಾರೋ ಕೂಗಿದ್ದು ಹೀಗೆ ಒಂದೊಂದಾಗಿ ಹೊರಬರುತ್ತವೆ. ಹಿಂದಿನ ಸಾಲಿನಲ್ಲಿದ್ದವರಲ್ಲಿ ಕೆಲವರಿಗೆ ಗುಂಡಿನ ಸದ್ದೇ ಪಟಾಕಿಯ ಸದ್ದಿನಂತೆ ಕೇಳಿಸಿತ್ತು.

ಈ ಕೆಲಸದಲ್ಲಿ ನನಗೆ ಹೆಚ್ಚು ಹೊಸ ಸಂಗತಿಗಳನ್ನು ಕೊಟ್ಟವರು ಹೆಣ್ಣುಮಕ್ಕಳು. ಪಡಸಾಲೆಯಲ್ಲಿ ಕೂತು ಮಾತನಾಡಿಸಿದರೆ ಅವರ ಪರವಾಗಿ ಗಂಡಸರೇ ಉತ್ತರಿಸುತ್ತಾರೆ. ಅದಕ್ಕಾಗಿ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಕರೆದುಕೊಂಡು ಹೋಗಿ, ಕಾಳು ಹಸನು ಮಾಡುವ ಹೊತ್ತಿನಲ್ಲಿ ಅವಳೇ ಕೂತು ಮಾತನಾಡುವ ಏರ್ಪಾಡು ಮಾಡಿದೆ. ಗೋಲಿಬಾರ್ ಆದ ಮೇಲೆ ಪೊಲೀಸರು ಹುಡುಕಿಕೊಂಡು ಬರುತ್ತಾರೆಂಬ ಭಯಕ್ಕೆ ಗಂಡಸರು ಬೀಗರ ಊರುಗಳಿಗೆ ಹೋದದ್ದು, ಊರಲ್ಲೇ ಉಳಿದವರು ರಾತ್ರಿ ಹೊಲದಲ್ಲಿ ಮಲಗಿದ್ದು, ಜೀಪಿನ ಬೆಳಕು ಕಂಡರೆ ಮನೆಯ ದೀಪ ಆರಿಸುತ್ತಿದ್ದುದು, ಇವೆಲ್ಲ ನಮಗೆ ಸಿಕ್ಕಿದ್ದು ಆ ಮಾತುಕತೆಗಳಲ್ಲಿ. ಒಬ್ಬ ಅಮ್ಮ ಹೇಳಿದ ಮಾತು ಹೀಗಿದೆ: “ಆ ವರ್ಷ ಎಡಿ ನಾನ ಹೊಡದೇನವಾ. ಎತ್ತು ಮಾತ ಕೇಳಲಿಲ್ಲ, ಅದಕ್ಕ ಅವರ ದನಿ ರೂಢಿ ಇತ್ತು.” ಎತ್ತು ಹೂಡಿ ಬೆಳೆಯ ಸಾಲುಗಳ ನಡುವಿನ ಕಳೆ ತೆಗೆಯುವುದು, ಅಂದರೆ ಎಡೆ ಹೊಡೆಯುವುದು, ಸಾಮಾನ್ಯವಾಗಿ ಗಂಡಸರ ಕೆಲಸ. ಅದನ್ನು ಆ ಸಲ ಎಷ್ಟು ಮನೆಗಳಲ್ಲಿ ಹೆಂಗಸರು ಮಾಡಿದರೆಂಬುದು ಭಯದ ಪ್ರಮಾಣವನ್ನು ಯಾವ ಘೋಷಣೆಗಿಂತಲೂ ಸ್ಪಷ್ಟವಾಗಿ ತಿಳಿಸುತ್ತದೆ ಎಂದು ನಾನು ನಂಬಿದ್ದೇನೆ. ಆದ್ದರಿಂದ ಆಮೇಲೆ ಹೋದ ಪ್ರತಿಯೊಂದು ಮನೆಯಲ್ಲಿಯೂ ಆ ವರ್ಷ ಎಡೆ ಹೊಡೆದವರು ಯಾರೆಂದು ಕೇಳಿ ಬರೆದುಕೊಂಡೆವು.

ತಾರೀಖುಗಳನ್ನು ನಾನು ಕೇಳುವುದಿಲ್ಲ, ಹಬ್ಬಗಳನ್ನು ಕೇಳುತ್ತೇನೆ. ಗಂಡಸರು ಮನೆಗೆ ಮರಳಿದ್ದು ಪಂಚಮಿಗೆ ಮೊದಲೋ ಆಮೇಲೋ, ಆ ಸಲ ಓಣಿಯಲ್ಲಿ ಜೋಕಾಲಿ ಕಟ್ಟಿದ್ದರೋ ಇಲ್ಲವೋ, ತವರಿಗೆ ಹೋಗಬೇಕಾದವರು ಹೋದರೋ ಇಲ್ಲವೋ ಎಂದು ಕೇಳಿದರೆ ಕಾಲದ ಕ್ರಮ ತಾನಾಗಿ ಕೂಡಿಬರುತ್ತದೆ. ಘಟನೆಗಳ ದಿನ ಮತ್ತು ಕ್ರಮಕ್ಕೆ ಹುಬ್ಬಳ್ಳಿಯ ಪತ್ರಿಕೆಗಳ ಹಳೆಯ ಕಡತಗಳನ್ನೂ ವಿಧಾನಸಭೆಯ ನಡಾವಳಿಗಳನ್ನೂ ನೋಡಿಕೊಂಡೆ. ಸರ್ಕಾರ ಲೆವಿ ವಸೂಲಿಯನ್ನು ನಿಲ್ಲಿಸಿ ರಿಯಾಯಿತಿಗಳನ್ನು ಪ್ರಕಟಿಸಿದ್ದು ಅಲ್ಲಿ ದೊರೆಯುತ್ತದೆ. ಆ ಪ್ರಕಟಣೆಯನ್ನು ಕೇಳಿದ ಮೇಲೂ ಜನ ಊರಿಗೆ ಮರಳಲು ಹಿಂಜರಿದದ್ದು ಮಾತ್ರ ಅಲ್ಲಿಲ್ಲ.

ನೆನಪುಗಳು ಒಂದರ ಮೇಲೊಂದು ಬಂದು ಕೂರುವುದನ್ನು ಗಮನಿಸದಿದ್ದರೆ ದಾಖಲೆ ಕೆಡುತ್ತದೆ. 1980ರ ಜುಲೈ 21ರ ಗುಂಪಿನಲ್ಲಿ ಎಲ್ಲರ ಹೆಗಲ ಮೇಲೆ ಹಸಿರು ಶಾಲು ಇತ್ತೆಂದು ಹೇಳುವವರು ಸಿಗುತ್ತಾರೆ. ಹಸಿರು ಶಾಲು ಬಂದದ್ದು ಈ ಗೋಲಿಬಾರ್‌ನ ಬಿಸಿಯಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದ ಜೊತೆಗೆ, ಅದರ ಮುಂದಾಳುಗಳಾದ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅವರ ಕಾಲದಲ್ಲಿ. ಹೀಗಾಗಿ ಶಾಲಿನ ಮಾತು ಬಂದಲ್ಲಿ ನಾನು ಮಿಕ್ಕ ವಿವರಗಳನ್ನೂ ಇನ್ನೊಮ್ಮೆ ಒರೆಗೆ ಹಚ್ಚುತ್ತೇನೆ. ಇನ್ನೊಂದು ಪದರ 2016ರದು. ಆ ವರ್ಷದ ಜುಲೈನಲ್ಲಿ ಮಹದಾಯಿ ನದಿನೀರಿನ ನ್ಯಾಯಮಂಡಳಿ, ನೀರು ಕೇಳಿ ರಾಜ್ಯ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದ ಮೇಲೆ ಪ್ರತಿಭಟನೆ ಭುಗಿಲೆದ್ದಾಗ, ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಮುದುಕರನ್ನೂ ಹೆಂಗಸರನ್ನೂ ಹೊಡೆದ ದೃಶ್ಯಗಳನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಈಗ ಕೆಲವರು 1980ರ ಪೊಲೀಸರ ಬಗ್ಗೆ ಹೇಳುತ್ತ ಯಮನೂರಿನ ಲಾಠಿಯನ್ನು ವರ್ಣಿಸುತ್ತಾರೆ. ಎರಡನ್ನೂ ಬೇರೆ ಬೇರೆಯಾಗಿ ಹೇಳಿಸಲು, ಆಗ ನಿಮ್ಮ ಹಿರಿಯ ಮಗನಿಗೆ ಎಷ್ಟು ವಯಸ್ಸು ಎಂಬ ಒಂದು ಪ್ರಶ್ನೆ ಸಾಕಾಗುತ್ತದೆ.

ರಾಜಕೀಯ ಪರಿಣಾಮದ ಭಾಗಕ್ಕೆ ನಾನು ಹೆಚ್ಚು ಸಮಯ ಕೊಡಲಿಲ್ಲ. ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರ ಕಾಂಗ್ರೆಸ್ ಸರ್ಕಾರದ ವಿರುದ್ಧ 1981ರ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿಗೆ ನಡೆದ ಪಾದಯಾತ್ರೆ, 1983ರ ಜನವರಿಯಲ್ಲಿ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದದ್ದು, ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಪಾದಯಾತ್ರೆ ಹೊರಟದ್ದನ್ನು ನೋಡಿದವರು ಹೇಳುವ ಒಂದು ಸಂಗತಿ ಮಾತ್ರ ನನಗೆ ಮುಖ್ಯವೆನಿಸಿತು: ಭಯ ಬಿಟ್ಟು ಮೊದಲ ಸಲ ಹಗಲಿನಲ್ಲಿ ಗುಂಪಾಗಿ ನಿಂತದ್ದು ಆ ದಿನ ಎಂದು ಅವರಲ್ಲಿ ಒಂದಿಬ್ಬರು ಹೇಳಿದರು.

ನರಗುಂದದಲ್ಲಿ ಸತ್ತ ಪೊಲೀಸರ ವಿಷಯಕ್ಕೆ ಬಂದಾಗ ಬಹಳಷ್ಟು ಜನ ಧ್ವನಿಮುದ್ರಣ ನಿಲ್ಲಿಸಲು ಹೇಳುತ್ತಾರೆ. ಯಾರು ಹೊಡೆದರೆಂದು ನಾನು ಕೇಳುವುದಿಲ್ಲ. ಅದು ನನ್ನ ಕೆಲಸವಲ್ಲ, ಕೇಳಿದರೆ ಮುಂದಿನ ಮನೆಯ ಬಾಗಿಲೂ ತೆರೆಯುವುದಿಲ್ಲ. ಪೊಲೀಸರೂ ಸತ್ತರೆಂದು ನಿಮಗೆ ಯಾವಾಗ ಗೊತ್ತಾಯಿತು, ಆಗ ಮನೆಯಲ್ಲಿ ಏನು ಮಾತಾಯಿತು ಎಂದಷ್ಟೇ ಕೇಳುತ್ತೇನೆ. “ಅದೊಂದ ಬ್ಯಾಡ್ರಿ ಮಾಸ್ತರ” ಎಂದು ಒಬ್ಬ ಹಿರಿಯರು ಎದ್ದೇ ಹೋದರು. ಹಾಲು ಮಾರುತ್ತಿದ್ದ ಮನೆಯ ಒಬ್ಬ ಅಮ್ಮ, ಪೊಲೀಸ್ ಲೈನಿನ ಹೆಣ್ಣುಮಕ್ಕಳು ದಿನಾಲು ತಮ್ಮ ಮನೆಯಿಂದಲೇ ಹಾಲು ಒಯ್ಯುತ್ತಿದ್ದರೆಂದೂ ಮರುದಿನದಿಂದ ಯಾರೂ ಬರಲಿಲ್ಲವೆಂದೂ, ಹೋಗಿ ಕೇಳಲು ತಮಗೂ ಧೈರ್ಯವಾಗಲಿಲ್ಲವೆಂದೂ ಹೇಳಿದರು. ಬೇರೆ ಠಾಣೆಯಿಂದ ಬಂದೋಬಸ್ತಿಗೆ ಬಂದಿದ್ದ ನಿವೃತ್ತ ಕಾನ್‌ಸ್ಟೆಬಲ್ ಒಬ್ಬರು ಸಿಕ್ಕಿದರು. ಊರಿನಲ್ಲಿ ಯಾರೂ ತಮಗೆ ಚಹಾ ಕೊಡಲಿಲ್ಲವೆಂದೂ, ಕೊಟ್ಟಿದ್ದರೂ ಕುಡಿಯುವ ಧೈರ್ಯ ತಮಗಿರಲಿಲ್ಲವೆಂದೂ ಅವರು ನೆನೆದರು. ಹುತಾತ್ಮ ದಿನದ ಮಾತುಗಳಲ್ಲಿ ಈ ಸಾವುಗಳ ಪ್ರಸ್ತಾಪವಿಲ್ಲದಿರುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅವನ್ನು ಹೇಳದಿದ್ದರೆ, ಗೋಲಿಬಾರ್‌ನ ನಂತರ ರೈತರು ಅಷ್ಟೊಂದು ಭಯಪಟ್ಟದ್ದು ಏಕೆ ಎಂಬುದೇ ಅರ್ಥವಾಗುವುದಿಲ್ಲ.

ಬರಹಕ್ಕೆ ಇಳಿಸಿದ್ದನ್ನು ಹೇಳಿದವರ ಮುಂದೆ ಓದಿ ತೋರಿಸುತ್ತೇನೆ, ಅವರಾಡಿದ ಮಾತನ್ನು ಪುಸ್ತಕದ ಭಾಷೆಗೆ ತಿದ್ದುವುದಿಲ್ಲ, ಬೇಡವೆಂದ ಭಾಗವನ್ನು ತೆಗೆಯುತ್ತೇನೆ. ಪರಸ್ಪರ ಹೊಂದದ ಹೇಳಿಕೆಗಳನ್ನು ಕೂಡಿಸಿ ಒಂದು ಕಥೆ ಮಾಡದೆ ಪಕ್ಕಪಕ್ಕದಲ್ಲಿಯೇ ಇಡುತ್ತೇನೆ. ಅಂದು ಎದ್ದುಹೋಗಿದ್ದ ಹಿರಿಯರು ಆಮೇಲೆ ಒಮ್ಮೆ ತಾವಾಗಿಯೇ ಫೋನ್ ಮಾಡಿ, ಧಾರವಾಡದಲ್ಲಿ ನೆಲೆಸಿರುವ ಒಂದು ಪೊಲೀಸ್ ಕುಟುಂಬದ ವಿಳಾಸ ಹೇಳಿದರು. ಆ ಮನೆಯವರು ಮಾತನಾಡಲು ಒಪ್ಪಿದ್ದಾರೆ, ತಮ್ಮ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ.