ತಂಬಿಗೆಯ ಬಾಯಿ ದುಂಡಗಿಲ್ಲ: ದೊಡ್ಡವರಿಗೆ ಚಿತ್ರ ಕಲಿಸಿದ ನನ್ನ ಅನುಭವ

ಐವತ್ತು ದಾಟಿದವರಿಗೆ ಚಿತ್ರ ಕಲಿಸುತ್ತೇನೆಂದಾಗ ಜೊತೆಯ ಡ್ರಾಯಿಂಗ್ ಮಾಸ್ತರರು ನಕ್ಕಿದ್ದರು. ಆ ವಯಸ್ಸಿನಲ್ಲಿ ಕೈ ತಿರುಗುವುದಿಲ್ಲ, ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಿದರೆ ನಾಲ್ಕು ಕಾಸಾದರೂ ಹುಟ್ಟುತ್ತದೆ ಎಂಬುದು ಅವರ ವಾದ. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಸೇರಿದ 14 ಜನರಲ್ಲಿ ಉಳಿದವರು 5. ಬಾಡಿಗೆ, ಕಾಗದ, ಬೋರ್ಡುಗಳ ಲೆಕ್ಕದಲ್ಲಿ ಸುಮಾರು 40,000 ರೂಪಾಯಿ ಕೈಬಿಟ್ಟಿತು.

ತಪ್ಪು ನನ್ನದೇ. ಮೂರು ತಿಂಗಳು ಗೆರೆ, ವೃತ್ತ, ಶೇಡಿಂಗ್ ಎಂದು ಕೈಯನ್ನೇ ಪಳಗಿಸಿದೆ. ಆಮೇಲೆ ಸ್ಟೂಲಿನ ಮೇಲೆ ತಂಬಿಗೆ ಇಟ್ಟರೆ ಎಲ್ಲರೂ ಬಾಯಿಯನ್ನು ದುಂಡಗೆ, ತಳವನ್ನು ನೆಟ್ಟಗೆ ಬರೆದರು; ಓರೆಯಿಂದ ಕಣ್ಣಿಗೆ ಕಾಣುವುದು ಚಪ್ಪಟೆ ಬಾಯಿ, ಬಾಗಿದ ತಳ. ಅವರಲ್ಲಿ ಇಬ್ಬರು ಹೆಂಗಸರು 15 ಚುಕ್ಕಿಯ ರಂಗೋಲಿಯನ್ನು ಎಳೆ ನಡುಗದಂತೆ ಹಾಕುವವರು; ಅವರ ಕೈಯಲ್ಲಿ ಕೊರತೆಯಿರಲಿಲ್ಲ.

ಅದೇ ಸಮಯದಲ್ಲಿ ನನ್ನ ದೊಡ್ಡಪ್ಪನವರಿಗೆ ಮಿದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಯಿತು. ಗಡಿಯಾರ ಬರೆಯಿರಿ ಎಂದರೆ 12 ಅಂಕಿಗಳನ್ನೂ ಬಲಗಡೆಯ ಅರ್ಧದೊಳಗೆ ತುರುಕಿ, "ಮುಗೀತಲ್ಲ" ಎಂದು ಕಾಗದ ಕೊಟ್ಟರು. ಬಲಗೈ ಗಟ್ಟಿಯಾಗಿತ್ತು, ಅಂಕಿಗಳೂ ಮುತ್ತಿನಂತಿದ್ದವು; ಎಡಗಡೆಯ ಜಗತ್ತು ಮಾತ್ರ ಅವರ ಗಮನಕ್ಕೆ ಬರುತ್ತಿರಲಿಲ್ಲ. ಅಂದಿನಿಂದ ನಾನು ಕೈಯನ್ನು ದೂರುವುದನ್ನು ಬಿಟ್ಟು, ನೋಡುವುದನ್ನು ಕಲಿಸತೊಡಗಿದೆ. ಹಾಗೆಂದು ಚಿತ್ರಕಲೆ ಬಲಮಿದುಳಿನ ಸ್ವತ್ತು ಎಂಬ ಮಾತನ್ನು ಒಪ್ಪುವವನಲ್ಲ. ಎಡಭಾಗಕ್ಕೆ ಪೆಟ್ಟಾದವರ ಚಿತ್ರದಲ್ಲಿ ಒಟ್ಟು ಆಕಾರ ಉಳಿದು ವಿವರಗಳು ಹಾರಿಹೋಗುವುದುಂಟು.

ಅದು ಯಾವ ವಸ್ತು ಎಂಬುದು ಮರೆತು ಗೆರೆಗಳಷ್ಟೇ ಕಾಣಲೆಂದು, ತಲೆಕೆಳಗು ಮಾಡಿ ನಕಲಿಸುವ ಅಭ್ಯಾಸ ಫೋಟೋಗಳಿಗೆ ಚೆನ್ನಾಗಿ ಒದಗಿತು, ಆದರೆ ನೀರು ತುಂಬಿದ ತಂಬಿಗೆಯನ್ನು ತಲೆಕೆಳಗು ಮಾಡುವುದು ಹೇಗೆ? ಕೊನೆಗೆ ಕಿಟಕಿಗೆ ಹಾಕುವ ಒಂದಡಿ ಗಾಜನ್ನು, ತಲಾ 60 ರೂಪಾಯಿಯಂತೆ, ತಂದೆ. ಒಂದು ಕಣ್ಣು ಮುಚ್ಚಿ, ತಲೆ ಅಲುಗಿಸದೆ, ಕಂಡದ್ದನ್ನು ಗಾಜಿನ ಮೇಲೆ ಸ್ಕೆಚ್ ಪೆನ್ನಿನಿಂದ ಗುರುತಿಸುವುದು. ಬಾಯಿ ನಾಲ್ಕು ಬೆರಳು ಅಗಲ, ಒಂದು ಬೆರಳು ಎತ್ತರವಾಗಿ ಬಂದಾಗ ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರು ಗಾಜೇ ಸೊಟ್ಟಗಿದೆ ಎಂದು ಜಗಳಕ್ಕೆ ನಿಂತರು. ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಕಾಣುವ ಮುಖದ ಅಂಚನ್ನು ಕನ್ನಡಿಯ ಮೇಲೆಯೇ ಬರೆಸಿ ಅಳೆಸಿದೆ. ಎಷ್ಟು ದೂರ ನಿಂತರೂ ಅದು ಮುಖದ ಅರ್ಧದಷ್ಟೇ, ಆದರೂ ನಮಗೆ ಪೂರ್ತಿ ಮುಖದಷ್ಟು ದೊಡ್ಡದೆನಿಸುತ್ತದೆ! ದೂರವನ್ನು ಲೆಕ್ಕ ಹಾಕಿ ಗಾತ್ರವನ್ನು ತಿದ್ದಿಕೊಳ್ಳುವ ಮನಸ್ಸಿನ ಈ ಗುಣ ರಸ್ತೆ ದಾಟಲು ಬೇಕೇ ಬೇಕು, ಚಿತ್ರಕ್ಕೆ ಮಾತ್ರ ಅಡ್ಡಗಾಲು.

ಇನ್ನೊಂದು ಬದಲಾವಣೆ ನೋಟದ ಅಂತರದ್ದು. ಒಮ್ಮೆ ನೋಡಿ ಅರ್ಧ ನಿಮಿಷ ಬರೆಯುತ್ತಿದ್ದವರಿಗೆ, ಎರಡು ಸೆಕೆಂಡಿಗೊಮ್ಮೆ ತಲೆ ಎತ್ತಲೇಬೇಕೆಂದು ಕಟ್ಟುಮಾಡಿದೆ. ತಡವಾದಷ್ಟೂ ಕಂಡದ್ದು ಮಾಸಿ, ಗೊತ್ತಿದ್ದದ್ದು ಆ ಜಾಗದಲ್ಲಿ ಬಂದು ಕೂರುತ್ತದೆ. ಎಡಗೈಯಲ್ಲೂ ಬರೆಸಿ ನೋಡಿದೆ. ಗೆರೆ ನಡುಗಿತು, ಅಳತೆ ಬಹುಮಟ್ಟಿಗೆ ಸರಿಯಾಗಿಯೇ ಬಂತು.

ಮೂರನೆಯ ತಂಡದಲ್ಲಿ 12ಕ್ಕೆ 11 ಜನ ಕೊನೆಯವರೆಗೂ ನಿಂತರು. ತಿಂಗಳಿಗೆ 1,500 ರೂಪಾಯಿ ಶುಲ್ಕದಲ್ಲಿ ಹಳೆಯ ನಷ್ಟವೂ ತೀರಿತು. ಗಾಜು, ಕನ್ನಡಿ, ತಲೆಕೆಳಗು ಇವನ್ನು ಯಾವ ವಾರ, ಯಾವ ಕ್ರಮದಲ್ಲಿ ಕೊಡುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಅದು ನನ್ನ ಅನ್ನದ ಪ್ರಶ್ನೆ. ಅಂದು ನಕ್ಕಿದ್ದ ಮಾಸ್ತರರೊಬ್ಬರು ನನ್ನಿಂದ ಎರಡು ಗಾಜು ಒಯ್ದಿದ್ದಾರೆ, ಇನ್ನೂ ಹಿಂತಿರುಗಿಸಿಲ್ಲ.