ಒಣಗಿದ್ದ ಒಂದೆಲಗ ಮತ್ತೆ ಹಬ್ಬಿದ್ದು: ನನ್ನ ಅನುಭವ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಿತ್ತಿಲಿನಲ್ಲಿ, ನೆಲದ ಮೇಲೆ ಹಸಿರು ಹಾಸಿನಂತೆ ಹಬ್ಬಲೆಂದು ಆಸೆಯಿಂದ ನೆಟ್ಟಿದ್ದ ಒಂದೆಲಗವು ಮಾರ್ಚ್ ತಿಂಗಳ ಬಿಸಿಲಿಗೆ ಅಂಚಿನಿಂದ ಹಳದಿಯಾಗತೊಡಗಿ, ಏಪ್ರಿಲ್ ವೇಳೆಗೆ ಮುಕ್ಕಾಲು ಭಾಗ ಒಣಗಿಹೋಯಿತು. ದಿನಕ್ಕೆ 2 ಬಾರಿ ಬುಡಕ್ಕೆ ನೀರೆರೆದರೂ ಪ್ರಯೋಜನವಾಗಲಿಲ್ಲ.

ಒಂದು ಬಳ್ಳಿಯನ್ನು ಮೆಲ್ಲನೆ ಎತ್ತಿ ನೋಡಿದಾಗ ಕಾರಣ ತಿಳಿಯಿತು. ಗಿಣ್ಣುಗಳಲ್ಲಿ ಅಕ್ಕಿಕಾಳಿನಷ್ಟು ಉದ್ದದ ಬಿಳಿಯ ಬೇರುಗಳು ಮೂಡಿದ್ದವಾದರೂ, ಗಟ್ಟಿಯಾಗಿದ್ದ ಕೆಂಪು ಮಣ್ಣಿನೊಳಗೆ ಇಳಿಯಲಾರದೆ ಅವುಗಳ ತುದಿ ಕಂದಿ ಸುರುಟಿಕೊಂಡಿತ್ತು. ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತಲೇ ಹರಡುವ ಈ ಸಸ್ಯಕ್ಕೆ ಬುಡದ ನೀರೊಂದೇ ಸಾಲದು. ಬಳ್ಳಿ ಹರಿಯುವ ನೆಲವೆಲ್ಲ ಸಡಿಲವಾಗಿ, ತೇವವಾಗಿ ಇರಬೇಕು.

ಆದ್ದರಿಂದ ನುಗ್ಗೆಮರದ ಅರೆನೆರಳಿನಲ್ಲಿ ಮಣ್ಣನ್ನು 3 ಅಂಗುಲ ಕೆದಕಿ, ಎರೆಗೊಬ್ಬರ ಬೆರೆಸಿ, ಉಳಿದಿದ್ದ ಬಳ್ಳಿಗಳನ್ನು ಅಲ್ಲಿ ಮಲಗಿಸಿ, ಗಿಣ್ಣು ಮಣ್ಣಿಗೆ ತಾಗುವಂತೆ ಅದರ ಪಕ್ಕದಲ್ಲೊಂದು ಹೆಂಚಿನ ಚೂರನ್ನು ಒತ್ತಿಟ್ಟೆನು. ಬಟ್ಟೆ ಒಗೆದ ಸೋಪಿನ ನೀರು ಆ ಕಡೆ ಹರಿಯದಂತೆ ಸಣ್ಣ ಬದುವನ್ನೂ ಕಟ್ಟಿದೆನು. ಮೂರನೆಯ ವಾರದಲ್ಲಿ ಚೂರೊಂದನ್ನು ತೆಗೆದಾಗ ಬೇರು ನೆಲವನ್ನು ಬಿಗಿಯಾಗಿ ಹಿಡಿದಿತ್ತು, ಪಕ್ಕದಲ್ಲೇ ಮಡಿಸಿದ ಬೀಸಣಿಗೆಯಂತಹ ಎಳೆಯೆಲೆ ಇಣುಕುತ್ತಿತ್ತು. ಈಗ ಚಟ್ನಿಗೆ ಎಲೆ ಬೇಕಾದಾಗ ಬಳ್ಳಿಯನ್ನು ಎಳೆಯದೆ, ತೊಟ್ಟನ್ನು ಮಾತ್ರ ಕತ್ತರಿಸಿಕೊಳ್ಳುತ್ತೇನೆ.