ಗುಜರಿಗೆ ಹಾಕುವ ಮುಂಚೆ ಪಾತ್ರೆಯ ಕಂಠ ಓದಿ

ಅಟ್ಟ ಖಾಲಿ ಮಾಡಬೇಕು ಅಂತ ಹೊರಟ ಈಗಿನ ಮಕ್ಕಳು ಮೊದಲು ಮಾಡೋದೇ ಗುಜರಿಯವನಿಗೆ ಫೋನು. ಅರ್ಧ ಗಂಟೆಯಲ್ಲಿ ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಸ್ಟೀಲ್ ಡಬ್ಬಿ ಎಲ್ಲ ತಕ್ಕಡಿ ಏರಿರುತ್ತವೆ. ಒಂದನ್ನಾದರೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಿರಾ? ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಿರುತ್ತಾರೆ. ಆಗೆಲ್ಲ ಮದುವೆಗೆ ಪಾತ್ರೆ ಮುಯ್ಯಿ ಮಾಡುವವರು ಅಂಗಡಿಯಲ್ಲೇ ಕೂತು, ಯಾರು ಯಾರಿಗೆ ಕೊಟ್ಟದ್ದು, ಯಾವ ತಾರೀಖು ಅಂತ ಬರೆಸಿಕೊಂಡೇ ಏಳುತ್ತಿದ್ದರು. ನಿಮ್ಮ ಅಜ್ಜಿಯ ಮದುವೆ ಯಾವ ಇಸವಿಯಲ್ಲಾಯಿತು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೂ ಆ ಕೊಳಗಕ್ಕೆ ಗೊತ್ತಿರುತ್ತದೆ.

ಅಕ್ಷರ ಮಾಸಿದ್ದರೆ ಹುಣಸೆಹಣ್ಣು, ಚಿಟಿಕೆ ಉಪ್ಪು ಹಚ್ಚಿ ಬೆರಳಲ್ಲೇ ತಿಕ್ಕಿ ತೊಳೆದು ಒರೆಸಿ. ಮೇಲೆ ಒಣ ಅಕ್ಕಿಹಿಟ್ಟು ಸವರಿ ಅಂಗೈಯಿಂದ ನೀವಿದರೆ ಹಿಟ್ಟು ಚುಕ್ಕಿಗಳಲ್ಲಿ ಕೂತು ಹೆಸರು ಬೆಳ್ಳಗೆ ಎದ್ದು ಬರುತ್ತದೆ. ತಂತಿ ಬ್ರಷ್ಷು, ಪಾಲಿಶ್ ಮಿಷನ್ನು ಬೇಡವೇ ಬೇಡ. ಒಂದೆರಡು ಸಲಕ್ಕೆ ಅಕ್ಷರ ಸವೆದು ಹೋಗುತ್ತದೆ. ಹಾಗೇ ಇನ್ನೊಂದು ಮಾತು: ತೊಳೆದ ಖುಷಿಯಲ್ಲಿ ಅದರಲ್ಲೇ ಹುಳಿ ಕುದಿಸಬೇಡಿ. ಕಲಾಯಿ ಹೋದ ಹಿತ್ತಾಳೆಗೆ ಹುಣಸೆ ರಸ ಬಿದ್ದರೆ ಕಿಲುಬು ಬಿಡುತ್ತದೆ, ಹೊಟ್ಟೆ ಕೆಡುತ್ತದೆ.

ಯಾವುದನ್ನು ಇಟ್ಟುಕೊಳ್ಳೋದು ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಮನೆಯ ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ಕೇಳಿ. ಯಾರದ್ದು, ಎಲ್ಲಿಂದ ಬಂತು, ಯಾವುದಕ್ಕೆ ಬಳಸುತ್ತಿದ್ದರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ದಾರದಲ್ಲಿ ಕಟ್ಟಿ. ಫೋಟೋ ಆದರೆ ಹಿಂಬದಿ ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಪೆನ್ನಿನ ಇಂಕು ಈ ಕಡೆಗೂ ಮೂಡುತ್ತದೆ. ಗಾಜಿಗೆ ಅಂಟಿದ ಫೋಟೋ ಕೀಳಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಮೊಬೈಲಲ್ಲಿ ತೆಗೆದಿಡಿ. ಚೀಟಿ ಬರೆದಾದ ಮೇಲೆ ಆರು ಕೊಳಗದಲ್ಲಿ ಒಂದನ್ನಿಟ್ಟು ಐದು ಕೊಟ್ಟರೆ ನನ್ನ ತಕರಾರಿಲ್ಲ.

ರೇಷ್ಮೆ ಸೀರೆ ವಿಷಯಕ್ಕೆ ಬಂದರೆ ಮಾತ್ರ ನನಗೆ ಸಿಟ್ಟು ತಡೆಯೋಲ್ಲ. ಹಳೇ ಜರಿ ಸೀರೆ ಕೊಳ್ಳುವವನು ಬೀದಿಗೆ ಬಂದ ಅಂತ ಕೊಟ್ಟುಬಿಡುತ್ತಾರೆ. ಅವನಿಗೆ ಬೇಕಾದ್ದು ಸುಟ್ಟರೆ ಸಿಗುವ ಬೆಳ್ಳಿ. ಉಳಿಸಿಕೊಂಡವರಾದರೂ ಸರಿಯಾಗಿ ಇಡುತ್ತಾರಾ? ಪ್ಲಾಸ್ಟಿಕ್ ಕವರು, ಒಳಗೆ ನುಸಿಗುಳಿಗೆ, ಮೇಲೊಂದು ರಬ್ಬರ್ ಬ್ಯಾಂಡು! ಕವರಲ್ಲಿ ಪಸೆ ನಿಂತು ಬೂಷ್ಟು ಹಿಡಿಯುತ್ತದೆ. ಗುಳಿಗೆಗೂ ರಬ್ಬರಿಗೂ ತಾಕಿದ ಜರಿ ಕಪ್ಪಾಗುತ್ತದೆ.

ಮಳೆಗಾಲ ಕಳೆದು ಬಿಸಿಲು ಬಿದ್ದ ಒಂದು ದಿನ ಬಳೆ, ಉಂಗುರ ತೆಗೆದಿಟ್ಟು, ಕೈ ತೊಳೆದು ಪೂರ್ತಿ ಒರೆಸಿಕೊಂಡು ಕೂತುಕೊಳ್ಳಿ. ನೆರಳಲ್ಲಿ ಚಾಪೆ, ಅದರ ಮೇಲೆ ಗಂಜಿ ಹಾಕದೆ ಒಗೆದ ಹಳೇ ಪಂಚೆ. ಗಂಜಿ ಇದ್ದರೆ ಹುಳು ಅದಕ್ಕೇ ಬರುತ್ತದೆ. ಸೀರೆ ಪೂರ್ತಿ ಬಿಚ್ಚಿ ಗಾಳಿಗೆ ಒಂದು ತಾಸು ಬಿಡಿ, ಬಿಸಿಲು ಸೋಕಬಾರದು. ಇನ್ನು ಮಡಿಸೋದು, ಇಲ್ಲೇ ಎಲ್ಲರೂ ತಪ್ಪೋದು. ಹಳೇ ಗೆರೆ ಮೇಲೇ ಮತ್ತೆ ಮಡಿಸುತ್ತಾರೆ, ರೇಷ್ಮೆ ಅಲ್ಲೇ ಸೀಳುತ್ತದೆ. ಉದ್ದಕ್ಕೆ ಎರಡು ಮಡಿಕೆ ಇದ್ದದ್ದನ್ನು ಮೂರು ಮಾಡಿ, ಮುಂದಿನ ಸಲ ಮತ್ತೆ ಎರಡು. ಜರಿ ಒಳಮುಖವಾಗಿರಲಿ. ಅಡ್ಡಕ್ಕೆ ಮಡಿಸುವಾಗ ಮಡಿಕೆ ಬೀಳುವ ಕಡೆ ಮೆತ್ತನೆ ಹತ್ತಿ ಬಟ್ಟೆಯನ್ನು ಬೆರಳುಗಾತ್ರ ಸುರುಳಿ ಸುತ್ತಿ ಇಡಿ. ಮಡಿಕೆ ಗುಂಡಗೆ ನಿಲ್ಲುತ್ತದೆ, ಗೆರೆ ಕಚ್ಚೋದಿಲ್ಲ. ಸೆರಗಿನ ಜರಿ ದಪ್ಪ, ಅಲ್ಲಿ ಸುರುಳಿ ಇನ್ನಷ್ಟು ದಪ್ಪ ಬೇಕು. ಆಮೇಲೆ ಪಂಚೆಯಲ್ಲಿ ಸಡಿಲವಾಗಿ ಸುತ್ತಿ, ಮೇಲೆ ಭಾರ ಹೇರದೆ ಇಡಿ. ನಾಲ್ಕು ಲವಂಗ, ಒಂದು ತುಂಡು ಬಜೆ ಗಂಟು ಕಟ್ಟಿ ಬೀರುವಿನ ಮೂಲೆಗೆ ಹಾಕಿ. ಸೀರೆಗೆ ತಾಕಿಸಬೇಡಿ, ಲವಂಗದ ಎಣ್ಣೆ ಕಲೆ ಹೋಗೋದಿಲ್ಲ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ, ಹಬ್ಬದ ಲೆಕ್ಕ ಇಟ್ಟುಕೊಂಡರೆ ಮರೆಯೋದಿಲ್ಲ.

ಮಡಿಕೆಯಲ್ಲಿ ಆಗಲೇ ಸೀಳಿದ್ದರೆ ಉಡುವ ಆಸೆ ಬಿಡಿ, ಎಳೆದು ಹೊಲಿದರೆ ಪಕ್ಕದಲ್ಲಿ ಹರಿಯುತ್ತದೆ. ಗಟ್ಟಿ ಇರುವ ಭಾಗ ಕತ್ತರಿಸಿ, ಒಳಗೆ ಹತ್ತಿ ಅಸ್ತರಿ ಕೊಟ್ಟು ಮೊಮ್ಮಗಳಿಗೆ ಲಂಗ ಹೊಲಿಸಿ. ಅಂಚು ಮೇಲೆ ಕೆಳಗಾಗದ ಹಾಗೆ ದರ್ಜಿಗೆ ನಿಂತು ಹೇಳಿ.